ಭಾನುವಾರ ಸಂಜೆ: ಕಾಲಿನ್ ವೆಲಂಡ್

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಸಂಜೆ 6ಕ್ಕೆ ವೀಡಿಯೊ ಕರೆಯಲ್ಲಿ ಸೇರೋಣ. ಈ ಸಲ ಮಾತು ಇಂಗ್ಲೆಂಡಿನ ಟಿವಿ ನಟ, ನಾಟಕಕಾರ ಕಾಲಿನ್ ವೆಲಂಡ್ (1934–2015) ಬಗ್ಗೆ. ಹೆಸರು ಕೇಳಿಲ್ಲ ಅಂತ ಬಿಡಬೇಡಿ. ‘ಚಾರಿಯಟ್ಸ್ ಆಫ್ ಫೈರ್’ ಚಿತ್ರಕಥೆ ಇವರದೇ, ಅದಕ್ಕೇ 1982ರಲ್ಲಿ ಆಸ್ಕರ್ ಬಂತು. ವೇದಿಕೆ ಮೇಲೆ ‘ಬ್ರಿಟಿಷರು ಬರ್ತಿದ್ದಾರೆ!’ ಅಂತ ಕೂಗಿದವರೂ ಇವರೇ.

ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. 1962ರಿಂದ ಬಿಬಿಸಿಯ ‘ಝಡ್ ಕಾರ್ಸ್’ ಧಾರಾವಾಹಿಯಲ್ಲಿ ಪೊಲೀಸ್ ಪೇದೆ. ನನಗೆ ಜಾಸ್ತಿ ಇಷ್ಟ 1969ರ ‘ಕೆಸ್’ ಚಿತ್ರ. ಅದರಲ್ಲೂ ಮೇಷ್ಟ್ರು ಪಾತ್ರ. ಯಾರೂ ಲೆಕ್ಕಕ್ಕಿಡದ ಹುಡುಗ ಬಿಲ್ಲಿ ತಾನು ಸಾಕಿದ ಹಕ್ಕಿಯ ಬಗ್ಗೆ ತರಗತಿ ಮುಂದೆ ನಿಂತು ಹೇಳ್ತಾನೆ. ಗಲಾಟೆ ಮಾಡೋ ಮಕ್ಕಳೆಲ್ಲ ಗಪ್‌ಚುಪ್. ವೆಲಂಡ್ ಸುಮ್ನೆ ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಆ ಪಾತ್ರಕ್ಕೆ ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಬಂತು.

ಬರೋ ಮೊದಲು ‘ಕೆಸ್’ ನೋಡಿರಿ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಮಾತು ಕಿವಿಗೆ ಕಷ್ಟ, ಸಬ್‌ಟೈಟಲ್ ಹಾಕಿಕೊಳ್ಳಿ. ಪುರುಸೊತ್ತಿದ್ದರೆ ‘ಚಾರಿಯಟ್ಸ್’ ಕೂಡ. (ಅದರಲ್ಲಿ ಓಟಗಾರ ಎರಿಕ್ ಲಿಡೆಲ್ ಭಾನುವಾರ ದೇವರ ದಿನ, ಓಡಲ್ಲ ಅಂತಾನೆ. ನಾವು ಭಾನುವಾರವೇ ಸೇರ್ತಿದ್ದೀವಿ, ಕ್ಷಮಿಸಲಿ!)

‘ಕಿಸಸ್ ಅಟ್ ಫಿಫ್ಟಿ’, ‘ಲೀಡ್ಸ್ ಯುನೈಟೆಡ್!’ ಅವರು ಟಿವಿಗೆ ಬರೆದ ನಾಟಕಗಳು. ಎರಡನೆಯದು ಅದೇ ಹೆಸರಿನ ಫುಟ್‌ಬಾಲ್ ತಂಡದ ಬಗ್ಗೆ ಅಲ್ಲ, ಬಟ್ಟೆ ಕಾರ್ಖಾನೆಯ ಹೆಂಗಸರ ಮುಷ್ಕರದ್ದು. ಇವುಗಳ ಬಗ್ಗೆ ಹತ್ತು ನಿಮಿಷ ಮಾತಾಡೋಕೆ ಇಬ್ಬರು ಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಹೂಂ’ ಅನ್ನಿ. ಲಿಂಕ್ ಶನಿವಾರ ಹಾಕ್ತೀನಿ. ದಯವಿಟ್ಟು ಅಲ್ಲಿವರೆಗೆ ಗುಡ್ ಮಾರ್ನಿಂಗ್ ಚಿತ್ರಗಳು ಬೇಡ, ಉತ್ತರಗಳು ಕಳೆದುಹೋಗುತ್ತವೆ.