ಫಿಟ್ಸ್ ಮಾತ್ರೆ ಲೆವೆಲ್: ಟೈಮೂ ಬರೀರಿ, ಮೆಥಡ್ಡೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಫಿಟ್ಸ್ ಇರೋರು ಮಾತ್ರೆ ತಪ್ಪಿಸಬಾರದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ ಬಗ್ಗೆ ಯಾರೂ ಬಾಯಿ ಬಿಡಲ್ಲ. ಲ್ಯಾಬಲ್ಲಿ ದಿನಾ ಇದೇ ಕೆಲಸ ಮಾಡೋಳು ನಾನು, ಅದಕ್ಕೇ ಬರೀತಿದ್ದೀನಿ.

ಒಂದ್ಸಲ ಒಬ್ಬ ಹುಡುಗನ ರಕ್ತದಲ್ಲಿ ವಾಲ್‌ಪ್ರೊಯೇಟ್ ಅನ್ನೋ ಫಿಟ್ಸ್ ಔಷಧಿ ಲೆವೆಲ್ 112 ಬಂತು. ಸಾಮಾನ್ಯವಾಗಿ ನೋಡೋ ರೇಂಜ್ ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ. ಡೋಸ್ ಇಳಿಸೋ ಮಾತು ಬಂದಿದೆ ಅಂತ ಅವನ ತಾಯಿ ಗಾಬರಿಯಾಗಿ ಫೋನ್ ಮಾಡಿದ್ರು, ಮಾತ್ರೆ ಎಷ್ಟೊತ್ತಿಗೆ ಕೊಟ್ರಿ ಅಂತ ಕೇಳಿದ್ರೆ "ಕೊಟ್ಟೇ ಕರ್ಕೊಂಡ್ ಬಂದ್ವಲ್ಲಮ್ಮ" ಅಂದ್ರು. ಇನ್ನೊಂದು ದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ ರಕ್ತ ತೆಗೆದಾಗ 68. ಮಾತ್ರೆ ನುಂಗಿದ ಮೇಲೆ ಲೆವೆಲ್ ಸ್ವಲ್ಪ ಹೊತ್ತು ಏರಿರುತ್ತೆ, ಅದಕ್ಕೇ ಮುಂದಿನ ಮಾತ್ರೆಗೆ ಮುಂಚೆ ತೆಗೆದ ರಕ್ತದ ನಂಬರನ್ನೇ ರೇಂಜ್ ಜೊತೆ ನೋಡ್ಬೇಕು. ಡೋಸ್ ಸರಿಯಾಗೇ ಇತ್ತು! ನಮ್ಮ ಫಾರಂನಲ್ಲಿ ಕೊನೇ ಮಾತ್ರೆ ಟೈಮ್ ಬರೆಯೋಕೆ ಜಾಗಾನೇ ಇರ್ಲಿಲ್ಲ. ಆ ಹುಡುಗನಿಗೆ ಡೋಸ್ ಇಳಿಸಿ ಮತ್ತೆ ಫಿಟ್ಸ್ ಬಂದಿದ್ರೆ ಅನ್ನೋದು ಇವತ್ತಿಗೂ ನನ್ನ ಮನಸ್ಸಲ್ಲಿ ಕೂತಿದೆ.

ಅಳೆಯೋ ವಿಧಾನಾನೂ ಒಂದೇ ಅಲ್ಲ. ಹೆಚ್ಚಿನ ಕಡೆ ಇಮ್ಯುನೋಅಸ್ಸೇ, ಅಂದ್ರೆ ಔಷಧಿಯನ್ನ ಆಂಟಿಬಾಡಿ ಹಿಡ್ಕೊಳ್ಳುತ್ತೆ, ಮಷೀನ್ ಬೇಗ ನಂಬರ್ ಕೊಡುತ್ತೆ. ಆದ್ರೆ ಕೆಲವು ಕಿಟ್‌ಗಳು ಕಾರ್ಬಮಜೆಪಿನ್ ಅನ್ನೋ ಇನ್ನೊಂದು ಫಿಟ್ಸ್ ಔಷಧಿ ಜೊತೆ ಅದು ದೇಹದಲ್ಲಿ ಬದಲಾಗಿ ಆಗೋ ಎಪಾಕ್ಸೈಡನ್ನೂ ಸೇರಿಸಿ ಎಣಿಸಿಬಿಡ್ತವೆ. ಇನ್ನೊಂದು ವಿಧಾನ ಎಚ್‌ಪಿಎಲ್‌ಸಿ, ಅಂದ್ರೆ ಔಷಧಿಗಳನ್ನ ಒಂದೊಂದಾಗಿ ಬೇರ್ಪಡಿಸಿ ಅಳೆಯೋದು. ಅದರಲ್ಲಿ ಸೀರಮ್‌ಗೆ, ಅಂದ್ರೆ ರಕ್ತದ ತಿಳಿ ಭಾಗಕ್ಕೆ, ಅಸಿಟೋನೈಟ್ರೈಲ್ ಅನ್ನೋ ದ್ರಾವಕ ಹಾಕಿದ ಕೂಡ್ಲೇ ಪ್ರೋಟೀನು ಹಾಲು ಒಡೆದ ಹಾಗೆ ಬೆಳ್ಳಗೆ ಬೇರೆಯಾಗುತ್ತೆ, ಅದನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ಮೇಲಿನ ತಿಳಿಯನ್ನ ಕಾಲಮ್ಮು ಅನ್ನೋ ಕೊಳವೆಗೆ ಬಿಟ್ರೆ ಒಂದೊಂದು ಔಷಧಿ ಒಂದೊಂದು ನಿಮಿಷಕ್ಕೆ ಆಚೆ ಬಂದು ಪರದೆ ಮೇಲೆ ತನ್ನದೇ ಪೀಕ್ ಎಬ್ಬಿಸುತ್ತೆ, ಎರಡ್ಮೂರು ಮಾತ್ರೆ ತಗೊಳ್ಳೋರಿಗೆ ಎಲ್ಲಾ ಒಂದೇ ರನ್ನಲ್ಲಿ ಸಿಗುತ್ತೆ. ನಿಧಾನ, ಕೈಕೆಲಸ ಜಾಸ್ತಿ, ನಿಜ. ಹೀಗೆ ಬೇರ್ಪಡಿಸಿದ ಔಷಧಿಯನ್ನ ಅದರ ಕಣದ ತೂಕದಿಂದ ಗುರುತಿಸೋ ಎಲ್‌ಸಿ-ಎಂಎಸ್ ಇನ್ನೂ ಸೂಕ್ಷ್ಮ, ಆದ್ರೆ ಮಷೀನೇ ತುಂಬಾ ದುಬಾರಿ.

ಫೆನಿಟಾಯಿನ್ ಅನ್ನೋ ಫಿಟ್ಸ್ ಔಷಧಿ ವಿಷಯದಲ್ಲಂತೂ ನಂಬರ್ ತಪ್ಪಲೇಬಾರದು. ಅದನ್ನ ಕರಗಿಸೋ ಲಿವರಿನ ಶಕ್ತಿಗೆ ಮಿತಿ ಇದೆ, ಅದು ತುಂಬಿದ ಮೇಲೆ ಡೋಸ್ ಚೂರು ಏರಿಸಿದ್ರೂ ಲೆವೆಲ್ ದಿಢೀರ್ ಅಂತ ಮೇಲೆ ಹೋಗುತ್ತೆ, ಮನುಷ್ಯ ತೂರಾಡ್ತಾನೆ, ಕಣ್ಣುಗುಡ್ಡೆ ನಡುಗುತ್ತೆ. ಈ ಔಷಧಿ ಹೆಚ್ಚುಕಮ್ಮಿ 90 ಪರ್ಸೆಂಟ್ ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನಿಗೆ ಅಂಟ್ಕೊಂಡಿರುತ್ತೆ, ಕೆಲಸ ಮಾಡೋದು ಬಿಡಿಯಾಗಿರೋ ಉಳಿದ ಭಾಗ. ಅಲ್ಬುಮಿನ್ ಕಮ್ಮಿ ಇರೋರಲ್ಲಿ ಟೋಟಲ್ ಲೆವೆಲ್ ಮಾಮೂಲಿ ರೇಂಜ್ ಆದ 10ರಿಂದ 20 ಮೈಕ್ರೋಗ್ರಾಂ ಒಳಗೇ ಇದ್ರೂ ಬಿಡಿ ಔಷಧಿ ಜಾಸ್ತಿ ಆಗಿರಬಹುದು, ಅಂಥವರಿಗೆ ಆ ಬಿಡಿ ಭಾಗದ ಫ್ರೀ ಲೆವೆಲ್ಲೇ ನೋಡ್ಬೇಕು. ಜೆಲ್ ಇರೋ ಟ್ಯೂಬಲ್ಲಿ ಸ್ಯಾಂಪಲ್ ತುಂಬಾ ಹೊತ್ತು ಬಿಟ್ರೆ ಕೆಲವು ಜೆಲ್ ಔಷಧಿ ಹೀರ್ಕೊಂಡು ನಂಬರ್ ಸುಳ್ಳೇ ಕಮ್ಮಿ ತೋರ್ಸುತ್ತೆ, ಇದು ಲ್ಯಾಬಿನೋರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಾಗಾಗಿ ಪ್ರತಿ ರಿಪೋರ್ಟಲ್ಲೂ ಕೊನೇ ಮಾತ್ರೆ ಟೈಮ್, ರಕ್ತ ತೆಗೆದ ಟೈಮ್, ಮೆಥಡ್ ಹೆಸರು ಇರೋದನ್ನ ಕಡ್ಡಾಯ ಮಾಡ್ಬೇಕು. ಮೆಥಡ್ ಬೇರೆ ಆದ್ರೆ ಹಳೇ ನಂಬರ್ ಪಕ್ಕ ಹೊಸದನ್ನ ಇಟ್ಟು ಹೋಲಿಸೋದು ಸರಿಯಲ್ಲ. ಓದುಗರಲ್ಲಿ ಯಾರಾದ್ರೂ ಈ ಪರೀಕ್ಷೆಗೆ ಹೋಗೋದಿದ್ರೆ, ಡಾಕ್ಟರು ಬೇರೆ ಟೈಮ್ ಹೇಳಿಲ್ಲ ಅಂದ್ರೆ, ಬೆಳಗಿನ ಮಾತ್ರೆಯನ್ನ ಜೊತೇಲೇ ತಗೊಂಡ್ ಹೋಗಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ನುಂಗಿ.

ಒಬ್ಬ ಲ್ಯಾಬ್ ಟೆಕ್ನಿಷಿಯನ್