ಸಹಾಯಧನದ ಹೊಸ ಕ್ರಮ ಮತ್ತು ಬ್ಯಾಟರಿ ನಿಧಿ: ನಮ್ಮ ಗ್ರಾಹಕರಿಗೆ ಪತ್ರ

ಚಿತ್ರದುರ್ಗ
ಫೆಬ್ರುವರಿ 2026

ಮಾನ್ಯ ಗ್ರಾಹಕರೇ,

ಬರುವ ಏಪ್ರಿಲ್ 1ರಿಂದ ನಮ್ಮ ಟ್ರಸ್ಟ್ ಸೌರ ಉಪಕರಣಗಳಿಗೆ ಸಹಾಯಧನ ಕೊಡುವ ಕ್ರಮವನ್ನು ಬದಲಿಸುತ್ತಿದೆ. ಇದುವರೆಗೆ ಮಂಜೂರಾದ ಮೊತ್ತವೆಲ್ಲ ಉಪಕರಣದ ಬೆಲೆಗೇ ಸಂದಾಯವಾಗುತ್ತಿತ್ತು. ಇನ್ನು ಮುಂದೆ ಅದರಲ್ಲಿ ಐದನೆಯ ಒಂದು ಪಾಲನ್ನು ನಿಮ್ಮ ಸ್ವಸಹಾಯ ಸಂಘದ ಹೆಸರಿನಲ್ಲಿಯೇ ಬ್ಯಾಟರಿ ನಿಧಿಯಾಗಿ ಬ್ಯಾಂಕಿನಲ್ಲಿ ಠೇವಣಿ ಇಡಲಾಗುವುದು, ಮತ್ತು ಈವರೆಗೆ ಉಚಿತವಾಗಿದ್ದ ನಿರ್ವಹಣೆಗೆ ನೀವು ತಿಂಗಳಿಗೊಮ್ಮೆ ನಿಗದಿತ ವಂತಿಗೆ ಕಟ್ಟಬೇಕಾಗುವುದು. ನಿಮ್ಮಿಂದ ಹಣ ಕೇಳುವ ಮೊದಲು ನಮಗೆ ಹಣ ಎಲ್ಲಿಂದ ಬರುತ್ತದೆ, ಅದರ ಮೇಲೆ ಯಾವ ಕಟ್ಟುಪಾಡುಗಳಿವೆ, ಈ ಬದಲಾವಣೆ ಏಕೆ ಅನಿವಾರ್ಯವಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಮ್ಮ ಹೊಣೆ.

ವಿಷಯದ ಬೇರು ಬ್ಯಾಟರಿಯಲ್ಲಿದೆ. ಸೌರ ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ. ಆಗಾಗ ಧೂಳು ಒರೆಸಿದರೆ ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ನಮ್ಮ ಹೆಚ್ಚಿನ ಘಟಕಗಳಲ್ಲಿರುವ ಲೆಡ್ ಆಸಿಡ್ ಟ್ಯೂಬುಲರ್ ಬ್ಯಾಟರಿಯಾದರೋ ಚೆನ್ನಾಗಿ ನೋಡಿಕೊಂಡರೆ ನಾಲ್ಕರಿಂದ ಆರು ವರ್ಷ ಬರುತ್ತದೆ. ಅದರ ಬಾಳಿಕೆಯನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಲೆಕ್ಕ ಹಾಕಿರುತ್ತಾರೆ. ಸದಾ ಅದಕ್ಕಿಂತ 10 ಡಿಗ್ರಿ ಹೆಚ್ಚಿನ ಕಾವಿನಲ್ಲಿದ್ದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬ್ಯಾಟರಿ ಬಲ್ಲವರೆಲ್ಲ ಒಪ್ಪುವ ಲೆಕ್ಕ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಏಪ್ರಿಲ್–ಮೇ ಬಿಸಿಲನ್ನು, ಅದರಲ್ಲೂ ಶೀಟಿನ ಮನೆಯೊಳಗಿನ ಧಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ.

ಕಳೆದ ಬೇಸಿಗೆಯಲ್ಲಿ ಮೊಳಕಾಲ್ಮೂರಿನ ರೇಷ್ಮೆ ನೇಕಾರರೊಬ್ಬರ ಮನೆಯಲ್ಲಿ ಗುಂಡಿಮಗ್ಗದ ಮೇಲೆ ತೂಗುವ ದೀಪ ಹಾಸಿನ ಎಳೆ ಕಡಿದರೂ ಕಾಣದಷ್ಟು ಮಂಕಾಗಿತ್ತು. ದೀಪ ಸರಿಯಿತ್ತು, ಪ್ಯಾನೆಲ್ ಸರಿಯಿತ್ತು. ಮೂಲೆಯಲ್ಲಿದ್ದ ಬ್ಯಾಟರಿಯಲ್ಲಿ ತಂತಿ ಕಚ್ಚಿಸುವ ತುದಿಗಳಿಗೆ ಬಿಳಿ–ಹಸಿರು ಹುಡಿ ಕಟ್ಟಿತ್ತು. ಆರು ಮುಚ್ಚಳಗಳನ್ನು ಬಿಚ್ಚಿ ನೋಡಿದಾಗ ಎರಡು ಕೋಶಗಳಲ್ಲಿ ನೀರು ಪ್ಲೇಟಿಗಿಂತ ಕೆಳಕ್ಕೆ ಇಳಿದುಹೋಗಿತ್ತು. ಹೊಸ ಬ್ಯಾಟರಿಗಾಗಿ ಆ ಮನೆಯವರು ಕೈಸಾಲ ಮಾಡಬೇಕಾಯಿತು, ಏಕೆಂದರೆ ಆ ಘಟಕಕ್ಕೆ ನೆರವು ಕೊಟ್ಟ ಯೋಜನೆ ಅಷ್ಟರಲ್ಲಿ ಮುಗಿದು, ಲೆಕ್ಕ ಒಪ್ಪಿಸಿ, ಖಾತೆ ಮುಚ್ಚಿಯಾಗಿತ್ತು. ಸಾಲ ಸಿಗುವವರೆಗೆ ಮಗ್ಗ ಕತ್ತಲಾದ ಮೇಲೆ ನಿಲ್ಲುತ್ತಿತ್ತು, ಮತ್ತು ಸೀರೆ ಮುಗಿದು ಕೂಲಿ ಕೈಸೇರುವ ದಿನವೂ ಅಷ್ಟೇ ಮುಂದಕ್ಕೆ ಹೋಯಿತು.

ಯೋಜನೆ ಏಕೆ ಅಷ್ಟು ಬೇಗ ಮುಗಿಯುತ್ತದೆ ಎಂದು ಅನೇಕರು ಕೇಳಿದ್ದೀರಿ. ನಮ್ಮ ಆದಾಯದ ದೊಡ್ಡ ಪಾಲು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ, ಅಂದರೆ ಸಿಎಸ್‌ಆರ್‌ನಿಂದ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಪ್ರಕಾರ ನಿಗದಿತ ಗಾತ್ರಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಹಲವು ವರ್ಷ ನಡೆಯುವ ಯೋಜನೆಯಾದರೆ ಆ ವರ್ಷ ಉಳಿದ ಹಣವನ್ನು ವರ್ಷಾಂತ್ಯದಿಂದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮೂರು ಆರ್ಥಿಕ ವರ್ಷಗಳಲ್ಲಿ ಮುಗಿಸಬೇಕು. ಇನ್ನು ಆದಾಯ ತೆರಿಗೆಯ ನಿಯಮದಂತೆ ನಮ್ಮಂಥ ಧರ್ಮಾರ್ಥ ಸಂಸ್ಥೆ ವರ್ಷದ ಆದಾಯದಲ್ಲಿ ಶೇಕಡಾ 85ನ್ನು ಆ ವರ್ಷವೇ ಉದ್ದೇಶಕ್ಕೆ ವಿನಿಯೋಗಿಸಬೇಕು. ಉಳಿದ ಶೇಕಡಾ 15ಕ್ಕಿಂತ ಹೆಚ್ಚು ಉಳಿಸಬೇಕೆಂದರೆ ಯಾವ ಕೆಲಸಕ್ಕೆಂದು ಮೊದಲೇ ತಿಳಿಸಿ, ಐದು ವರ್ಷದೊಳಗೆ ಅದೇ ಕೆಲಸಕ್ಕೆ ಬಳಸಬೇಕು. ಇದೇ ಏಪ್ರಿಲ್ 1ರಂದು ಜಾರಿಗೆ ಬರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಶೇಕಡಾ 85ರ ನಿಯಮ ಉಳಿದಿದೆ. ಈ ನಿಯಮಗಳ ಬಗ್ಗೆ ನಮಗೆ ತಕರಾರಿಲ್ಲ. ಸಾರ್ವಜನಿಕರ ಹೆಸರಿನಲ್ಲಿ ಪಡೆದ ಹಣ ಟ್ರಸ್ಟಿನ ಖಾತೆಯಲ್ಲಿ ಬೆಳೆಯುತ್ತ ಕೂರಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಒಂದೊಂದೇ ಗಡುವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕೈಗೆ ಬರುವ ಹಣದ ಅವಧಿಯೆಲ್ಲ ಬ್ಯಾಟರಿ ಸಾಯುವ ಹೊತ್ತಿಗಿಂತ ಮೊದಲೇ, ಅಥವಾ ಹೆಚ್ಚೆಂದರೆ ಅದೇ ಹೊತ್ತಿಗೆ, ತೀರಿಹೋಗುತ್ತದೆ.

ಬೇರೆ ದಾರಿಗಳೂ ಕಿರಿದಾಗಿವೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ನೆರವು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಜಿಲ್ಲಾ ಮಟ್ಟದ ಸಣ್ಣ ಸಂಸ್ಥೆಗಳಿಗೆ ದೊಡ್ಡ ಸಂಸ್ಥೆಗಳ ಮೂಲಕ ಬರುತ್ತಿದ್ದ ಹಣ ಅಲ್ಲಿಗೆ ನಿಂತಿತು. ದೇಶದೊಳಗಿನ ಹಣದ ವಿಷಯದಲ್ಲಿಯೂ, 2023ರ ಏಪ್ರಿಲ್‌ನಿಂದ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ಕೊಟ್ಟ ದೇಣಿಗೆಯಲ್ಲಿ ಶೇಕಡಾ 85 ಮಾತ್ರ ವಿನಿಯೋಗವೆಂದು ಪರಿಗಣಿತವಾಗುತ್ತದೆ. ಸ್ಥಳೀಯ ದಾನಿಗಳಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ರಿಯಾಯಿತಿ, ಅಂದರೆ ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿ, ಇಲ್ಲ. ಹಾಗಿದ್ದೂ ಕೊಡುವವರು ಕೊಡುತ್ತಿದ್ದಾರೆ, ಅವರ ಋಣ ದೊಡ್ಡದು. ಈ ಕಾರಣಗಳಿಂದ ಇನ್ನೊಂದು ಸಂಸ್ಥೆಗೆ ಹಣ ಕೊಟ್ಟು ಅವರ ಮೂಲಕ ಘಟಕ ಹಾಕಿಸುವ ಪದ್ಧತಿಯನ್ನು ನಾವು ಪೂರ್ತಿಯಾಗಿ ಕೈಬಿಟ್ಟಿದ್ದೇವೆ. ಏಪ್ರಿಲ್ ನಂತರದ ಪ್ರತಿಯೊಂದು ಸಹಾಯಧನವೂ ನಮ್ಮ ಖಾತೆಯಿಂದ ನೇರವಾಗಿ ಉಪಕರಣ ಬಳಸುವವರಿಗೆ ಅಥವಾ ಅವರ ಸ್ವಸಹಾಯ ಸಂಘಕ್ಕೆ ಸೇರುತ್ತದೆ.

ಬ್ಯಾಟರಿಗೆ ಬೇಕಾದ ಹಣ ನಮ್ಮ ಬಳಿ ಕೂರಲಾಗದು ಎಂದಾದ ಮೇಲೆ ಅದು ನಿಮ್ಮ ಬಳಿಯೇ ಇರಬೇಕು. ಲೆಕ್ಕಪರಿಶೋಧಕರೊಂದಿಗೆ ಚರ್ಚಿಸಿ, ನೆರವು ನೀಡುವ ಕಂಪನಿಗಳಿಂದ ಲಿಖಿತ ಒಪ್ಪಿಗೆ ಪಡೆದು ಈ ತೀರ್ಮಾನಕ್ಕೆ ಬಂದಿದ್ದೇವೆ. ಪೂರ್ತಿ ಹಣ ಯಂತ್ರಕ್ಕೇ ಹೋಗಬೇಕೆಂದು ಪಟ್ಟು ಹಿಡಿದ ಒಂದು ಕಂಪನಿಯ ನೆರವನ್ನು ಈ ವರ್ಷ ಬಿಟ್ಟುಕೊಟ್ಟೆವು. ಸಹಾಯಧನ ಮಂಜೂರಾದ ದಿನವೇ ಅದರ ಐದನೆಯ ಒಂದು ಪಾಲು ಸಂಘದ ಹೆಸರಿನಲ್ಲಿ ಐದು ವರ್ಷದ ಠೇವಣಿಯಾಗುತ್ತದೆ. ಠೇವಣಿ ಪತ್ರ ಸಂಘದ ಬಳಿ ಇರುತ್ತದೆ, ನಮ್ಮ ಕಚೇರಿಯಲ್ಲಿ ಅದರ ನಕಲು ಮಾತ್ರ ಇರುತ್ತದೆ. ಅವಧಿಗೆ ಮುಂಚೆ ಅದನ್ನು ತೆಗೆಯಬೇಕಾದರೆ ಸಂಘದ ಸಭೆಯ ನಡಾವಳಿಯಲ್ಲಿ ಕಾರಣ ದಾಖಲಾಗಿರಬೇಕು ಎಂಬುದೊಂದೇ ನಮ್ಮ ಷರತ್ತು.

ವಂತಿಗೆಯ ಲೆಕ್ಕ ಹೀಗಿದೆ. ಮಗ್ಗದ ದೀಪ ಮತ್ತು ಸೌರ ಹೊಲಿಗೆ ಯಂತ್ರಕ್ಕೆ ತಿಂಗಳಿಗೆ 150 ರೂಪಾಯಿ, ರೊಟ್ಟಿ ಯಂತ್ರ ಮತ್ತು ಕುಲುಮೆಯ ಬ್ಲೋವರ್‌ಗೆ 300 ರೂಪಾಯಿ. ಇದರಲ್ಲಿ ಮೂರನೆಯ ಎರಡು ಪಾಲು ನಿಮ್ಮ ಸ್ವಂತ ಉಳಿತಾಯವಾಗಿಯೇ ಉಳಿಯುತ್ತದೆ, ಒಂದು ಪಾಲು ಮಾತ್ರ ನಮಗೆ ಬರುತ್ತದೆ. ಸಂಘದ ಸದಸ್ಯರಾದರೆ ಉಳಿತಾಯದ ಪಾಲು ಸಂಘದ ಖಾತೆಗೆ ಹೋಗುತ್ತದೆ. ಸಂಘಕ್ಕೆ ಸೇರದವರು ಅಂಚೆ ಕಚೇರಿಯಲ್ಲಿ ತಮ್ಮದೇ ಹೆಸರಿನಲ್ಲಿ ಆರ್‌ಡಿ, ಅಂದರೆ ತಿಂಗಳ ಕಂತಿನ ಉಳಿತಾಯ ಖಾತೆ, ತೆರೆಯಬಹುದು, ಮತ್ತು ಅವರ ಠೇವಣಿಯ ಪಾಲು ಕೂಡ ಅವರ ಹೆಸರಿನಲ್ಲಿಯೇ ಇರುತ್ತದೆ. ಅಂಚೆ ಆರ್‌ಡಿಯ ಅವಧಿ 60 ತಿಂಗಳು, ಕನಿಷ್ಠ ಕಂತು 100 ರೂಪಾಯಿ, ಹಾಗಾಗಿ ಅದು ಈ ಉದ್ದೇಶಕ್ಕೆ ಸರಿಯಾಗಿ ಹೊಂದುತ್ತದೆ. ತಿಂಗಳಿಗೆ 150ರಂತೆ ಐದು ವರ್ಷಕ್ಕೆ ಕಟ್ಟುವ 9,000 ರೂಪಾಯಿಯಲ್ಲಿ 6,000 ನಿಮ್ಮದಾಗಿ ಉಳಿದು, ಅದಕ್ಕೆ ಬಡ್ಡಿಯೂ ಮೊದಲ ದಿನದ ಠೇವಣಿಯೂ ಸೇರಿದರೆ ಹೊಸ ಬ್ಯಾಟರಿಗೆ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ಐದನೆಯ ಒಂದು ಪಾಲು ಠೇವಣಿಗೆ ಹೋಗುವುದರಿಂದ ಯಂತ್ರ ಕೊಳ್ಳುವಾಗ ನೀವು ಹಾಕಬೇಕಾದ ಮೊತ್ತ ಹೆಚ್ಚುತ್ತದೆ. ಇದು ಈ ಬದಲಾವಣೆಯ ಕಷ್ಟದ ಭಾಗ, ಅದನ್ನು ಹಗುರವಾಗಿ ಹೇಳಲು ನಮಗೆ ಮನಸ್ಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೌರ ಪ್ಯಾನೆಲ್ ಮತ್ತು ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ ಹೊರೆಯ ಸ್ವಲ್ಪ ಭಾಗ ತಗ್ಗುತ್ತದೆ. ಆ ಇಳಿಕೆಯನ್ನು ನಮ್ಮ ಎಲ್ಲ ದರಪಟ್ಟಿಗಳಲ್ಲೂ ಪೂರ್ತಿಯಾಗಿ ನಿಮಗೆ ಬಿಟ್ಟುಕೊಟ್ಟಿದ್ದೇವೆ. ಬಿಡಿಯಾಗಿ ಕೊಳ್ಳುವ ಬ್ಯಾಟರಿಯ ಮೇಲೆ ಮಾತ್ರ ಶೇಕಡಾ 18 ತೆರಿಗೆ ಇದೆ. ಯಂತ್ರಕ್ಕಿಂತ ಅದರ ಬದಲಿ ಬ್ಯಾಟರಿಗೆ ಹೆಚ್ಚು ತೆರಿಗೆ ಬೀಳುವಾಗ, ಆ ಖರ್ಚಿಗೆ ಮೊದಲೇ ಅಣಿಯಾಗಿರುವುದು ಇನ್ನಷ್ಟು ಅಗತ್ಯ. ಉಳಿದ ಮೊತ್ತಕ್ಕೆ ಸಂಘದ ಮೂಲಕ ಬ್ಯಾಂಕ್ ಸಾಲ ಬೇಕಾದವರಿಗೆ ಅರ್ಜಿ, ದರಪಟ್ಟಿ, ಅಂದಾಜು ಆದಾಯದ ವಿವರಗಳನ್ನು ನಮ್ಮ ಕಚೇರಿಯಲ್ಲಿ ಸಿದ್ಧಪಡಿಸಿಕೊಡುತ್ತೇವೆ.

ನಮಗೆ ಬರುವ ಮೂರನೆಯ ಒಂದು ಪಾಲು ಯಾವುದಕ್ಕೆ ಎಂಬ ಪ್ರಶ್ನೆ ಸಹಜ. ಅದು ನಿಮ್ಮ ಊರಿಗೆ ಬೈಕಿನಲ್ಲಿ ಬರುವ ತಂತ್ರಜ್ಞರ ಸಂಬಳ ಮತ್ತು ಪೆಟ್ರೋಲಿಗೆ ಮಾತ್ರ ಬಳಕೆಯಾಗುತ್ತದೆ. ಯಂತ್ರ ಕೊಡಿಸಲು ಮುಂದೆ ಬರುವ ದಾನಿಗಳು ಹಲವರು. ಮೂರು ವರ್ಷದ ನಂತರ ಬ್ಯಾಟರಿ ನೀರು ಹಾಕಿ, ತಂತಿ ಉಜ್ಜಿ, ಚಾರ್ಜ್ ಕಂಟ್ರೋಲರ್ ಪರೀಕ್ಷಿಸುವ ಕೆಲಸಗಾರನ ಸಂಬಳ ಕೊಡಲು ಒಪ್ಪುವವರು ವಿರಳ. ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ದಿನವೂ ನೋಡುತ್ತೀರಿ. ಅಂಥ ಯೋಜನೆಗಳ ವಿದ್ಯುತ್ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುವಾಗ ನಿರ್ವಹಣೆಯ ವೆಚ್ಚವನ್ನೂ ಸವಕಳಿಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುತ್ತದೆ. ಗುಡ್ಡದ ಮೇಲಿನ ಯಂತ್ರಕ್ಕೆ ದೊರೆಯುವ ಈ ಮುಂದಾಲೋಚನೆ ಊರೊಳಗಿನ ಮಗ್ಗದ ದೀಪಕ್ಕೂ ದೊರೆಯಬೇಕು ಎಂಬುದು ನಮ್ಮ ಗಟ್ಟಿ ನಂಬಿಕೆ. ತಂತ್ರಜ್ಞರು ಎರಡು ತಿಂಗಳಿಗೊಮ್ಮೆ ಬಂದು, ನಿಮ್ಮ ಬಳಿಯ ಕಾರ್ಡಿನಲ್ಲಿ ನೀರಿನ ಮಟ್ಟ ಮತ್ತು ವೋಲ್ಟೇಜ್ ಬರೆದು ಸಹಿ ಮಾಡುತ್ತಾರೆ. ಸಹಿ ಇಲ್ಲದ ಎರಡು ತಿಂಗಳಿಗೆ ನಮ್ಮ ಪಾಲಿನ ವಂತಿಗೆಯನ್ನು ನೀವು ಕೊಡಬೇಕಾಗಿಲ್ಲ.

ಬೆಸ್ಕಾಂ ಸಂಪರ್ಕವಿರುವ ಮನೆಗಳ ದೀಪಗಳಿಗೆ ಇನ್ನು ಸಹಾಯಧನ ಇರುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಆರಂಭವಾದ ಮೇಲೆ ಅಂಥ ಮನೆಗಳಿಗೆ ಸಣ್ಣ ಸೌರ ದೀಪದ ಅಗತ್ಯ ಬಹಳ ಕಡಿಮೆಯಾಗಿದೆ, ಮತ್ತು ಚಾವಣಿಯ ಮೇಲೆ ಸೌರ ವಿದ್ಯುತ್ ಘಟಕ ಹಾಕಿಸುವವರಿಗೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಕೇಂದ್ರದ ನೆರವಿದೆ. ತಂತಿ ತಲುಪದ ತೋಟದ ಮನೆಗಳಿಗೂ, ಮಂದೆಯೊಂದಿಗೆ ಊರೂರು ಸುತ್ತುವ ಕುರಿಗಾಹಿಗಳ ಕೈದೀಪಗಳಿಗೂ ನೆರವು ಹಿಂದಿನಂತೆಯೇ ಮುಂದುವರಿಯುತ್ತದೆ.

ಈಗಾಗಲೇ ಘಟಕ ಪಡೆದಿರುವವರ ಹೆಸರಿನಲ್ಲಿ ಠೇವಣಿ ಇಲ್ಲ. ಆದ್ದರಿಂದ ಟ್ರಸ್ಟಿನಲ್ಲಿ ಕಾಯ್ದಿರಿಸಿರುವ ಹಣದಿಂದ, ಅವರ ಮೊದಲ ಬ್ಯಾಟರಿ ಬದಲಾವಣೆಯ ಅರ್ಧ ವೆಚ್ಚವನ್ನು ನಾವು ಭರಿಸುತ್ತೇವೆ. ಏಪ್ರಿಲ್‌ನಿಂದ ತಿಂಗಳ ವಂತಿಗೆ ಆರಂಭಿಸಿದವರಿಗೆ ಇದು ಅನ್ವಯ. ವಿಧವೆಯರು, ಅಂಗವಿಕಲರು ಮತ್ತು ಬರದಿಂದ ಕೆಲಸ ನಿಂತವರು ವಂತಿಗೆ ಕಟ್ಟಲಾಗದಿದ್ದರೆ ಒಂದು ಸಾಲಿನ ಅರ್ಜಿ ಸಾಕು. ಅವರ ಕಂತನ್ನು ಸ್ಥಳೀಯ ದೇಣಿಗೆಯಿಂದ ತುಂಬುತ್ತೇವೆ, ಅದಕ್ಕೆ ಬೇರೆ ದಾಖಲೆ ಕೇಳುವುದಿಲ್ಲ.

ಟ್ರಸ್ಟಿನ ಪರಿಶೋಧಿತ ಲೆಕ್ಕಪತ್ರವನ್ನು ಇನ್ನು ಮುಂದೆ ಪ್ರತಿವರ್ಷ ಕನ್ನಡದಲ್ಲಿ ಮುದ್ರಿಸಿ ಎಲ್ಲ ಸಂಘಗಳಿಗೂ ಕಳುಹಿಸುತ್ತೇವೆ. ಯಾವ ಕಂಪನಿಯಿಂದ ಎಷ್ಟು ಬಂತು, ಯಾವ ಊರಿಗೆ ಎಷ್ಟು ಹೋಯಿತು, ಸಂಬಳಕ್ಕೆ ಎಷ್ಟಾಯಿತು ಎಂಬುದು ಅದರಲ್ಲಿರುತ್ತದೆ. ಈ ಪತ್ರದೊಂದಿಗಿರುವ ಒಪ್ಪಿಗೆ ನಮೂನೆಯನ್ನು ತುಂಬಿ, ಸಂಘದ ಪಾಸ್‌ಬುಕ್ಕಿನ ಮೊದಲ ಪುಟದ ನಕಲಿನೊಂದಿಗೆ ಮಾರ್ಚ್ 20ರೊಳಗೆ ನಿಮ್ಮ ತಂತ್ರಜ್ಞರ ಕೈಗೆ ಕೊಡಿ ಅಥವಾ ನಮ್ಮ ಚಿತ್ರದುರ್ಗ ಕಚೇರಿಗೆ ತಲುಪಿಸಿ. ವಂತಿಗೆಯ ದರದ ಬಗ್ಗೆ ಆಕ್ಷೇಪವಿದ್ದರೆ ಅದೇ ನಮೂನೆಯ ಹಿಂಬದಿಯಲ್ಲಿ ಬರೆಯಬಹುದು. ಮಾರ್ಚ್ ಕೊನೆಯ ವಾರದ ಆಡಳಿತ ಮಂಡಳಿ ಸಭೆಯಲ್ಲಿ ಅವನ್ನೆಲ್ಲ ಓದಿದ ನಂತರವೇ ದರಗಳು ಅಂತಿಮವಾಗುತ್ತವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ