ಮುಚ್ಚಿದ್ದು ಯಾರು, ಯಾವ ಅಧಿಕಾರದ ಮೇಲೆ? ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ಅಮೆರಿಕ ಸರ್ಕಾರದ ಗೋಪ್ಯತೆಯ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ನಿನ್ನ ಸಿಟ್ಟು ನ್ಯಾಯವಾದದ್ದು, ಅದನ್ನು ತಣ್ಣಗಾಗಿಸು ಎಂದು ಹೇಳಲಾರೆ. ಆದರೆ ಮೊದಲ ಪುಟದಲ್ಲೇ ‘ಅಮೆರಿಕ ಮುಚ್ಚಿಟ್ಟಿತು’ ಎಂದು ಆರು ಸಲ ಬರೆದಿದ್ದೀಯ. ಆ ವಾಕ್ಯದಲ್ಲಿ ಮುಚ್ಚಿದವನೇ ಕಾಣೆ. ಕಾಗದ ಮುಚ್ಚಿಡುವುದು ದೇಶವಲ್ಲ, ಒಬ್ಬ ಅಧಿಕಾರಿ. ಯಾವುದೋ ಆದೇಶದ ಯಾವುದೋ ಕಲಮನ್ನು ಹಿಡಿದು, ತಾರೀಕು ಹಾಕಿ, ಸಹಿ ಮಾಡಿ ಮುಚ್ಚುತ್ತಾನೆ. ಆ ಸಹಿ ಸರಿಯೇ ಎಂದು ನೋಡುವ ಅಧಿಕಾರ ಯಾರಿಗಿತ್ತು, ಅವರು ನೋಡಿದರೇ ಎಂಬ ಪ್ರಶ್ನೆಯ ಮೇಲೆ ನಿನ್ನ ಲೇಖನ ನಿಲ್ಲಬೇಕು. ಗುಟ್ಟು ಯಾವ ಸರ್ಕಾರಕ್ಕಿಲ್ಲ? ಮುಚ್ಚಿದವರೇ ಕೂತು, ಮುಚ್ಚಿದ್ದು ಸರಿ ಎಂದು ತೀರ್ಮಾನಿಸುವ ಏರ್ಪಾಡು ಇದೆಯಲ್ಲ, ನನಗೆ ಭಯ ಹುಟ್ಟಿಸುವುದು ಅದು. ‘ಬೇಲಿಯೇ ಎದ್ದು ಹೊಲ ಮೇಯಿತು’ ಎಂಬ ಗಾದೆಯನ್ನೂ ತೆಗೆದುಬಿಡು. ಓದುಗರು ಆ ಗಾದೆ ಕಂಡ ಕೂಡಲೇ ಮುಂದಿನದೆಲ್ಲ ತಮಗೆ ಗೊತ್ತು ಎಂದುಕೊಳ್ಳುತ್ತಾರೆ.

ನೀನು ಒಂದೇ ಸಾಲಿನಲ್ಲಿ ದಾಟಿಹೋದ ರೆನಾಲ್ಡ್ಸ್ ಪ್ರಕರಣಕ್ಕೆ ಎರಡು ಪುಟ ಕೊಡು. 1948ರ ಅಕ್ಟೋಬರ್ 6ರಂದು ಜಾರ್ಜಿಯಾದ ವೇಕ್ರಾಸ್ ಊರಿನ ಬಳಿ ವಾಯುಪಡೆಯ ಒಂದು ಬಿ-29 ವಿಮಾನ ಬಿತ್ತು. ಒಳಗಿದ್ದವರು 13 ಮಂದಿ, ಸತ್ತವರು 9. ಅವರಲ್ಲಿ ಮೂವರು ರಹಸ್ಯ ಉಪಕರಣಗಳ ಪರೀಕ್ಷೆಗೆಂದು ಹೋಗಿದ್ದ, ಸೇನೆಗೆ ಸೇರದ ತಜ್ಞರು. ಆ ಮೂವರ ಹೆಂಡತಿಯರು ಪರಿಹಾರ ಕೇಳಿ ಕೋರ್ಟಿಗೆ ಹೋದರು, ಅಪಘಾತದ ತನಿಖಾ ವರದಿ ಕೊಡಿಸಿ ಎಂದರು. ವಾಯುಪಡೆ ಒಪ್ಪಲಿಲ್ಲ. ‘ವರದಿಯನ್ನು ನನಗೊಬ್ಬನಿಗೇ ತೋರಿಸಿ, ರಹಸ್ಯವಿದ್ದರೆ ಹೊರಗೆ ಬಿಡುವುದಿಲ್ಲ’ ಎಂಬ ಅರ್ಥದಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶರು ಆದೇಶಿಸಿದರೂ ಸರ್ಕಾರ ಕೊಡಲಿಲ್ಲ. ಹಾಗಾಗಿ ಅವರು ಹೆಂಗಸರ ಪರ ತೀರ್ಪಿತ್ತು ಒಟ್ಟು 2,25,000 ಡಾಲರ್ ಪರಿಹಾರ ವಿಧಿಸಿದರು. ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1953ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಅದನ್ನು ಮಗುಚಿತು. ಸೇನಾ ರಹಸ್ಯ ಬಯಲಾಗುವ ಅಪಾಯ ನಿಜಕ್ಕೂ ಇದೆ ಎಂದು ಪ್ರಕರಣದ ಸಂದರ್ಭದಿಂದಲೇ ಮನವರಿಕೆಯಾದರೆ, ನ್ಯಾಯಾಧೀಶರು ಕೊಠಡಿಯಲ್ಲಿ ಒಬ್ಬರೇ ಕೂತು ಓದುವುದಕ್ಕೂ ಒತ್ತಾಯಿಸಬಾರದು ಎಂಬುದು ಅದರ ತರ್ಕ. ಆ ವರದಿಯನ್ನು ಒಬ್ಬ ನ್ಯಾಯಮೂರ್ತಿಯೂ ತೆರೆದು ನೋಡಲಿಲ್ಲ. ಹೆಂಗಸರು ಕೊನೆಗೆ ಕಡಿಮೆ ಹಣಕ್ಕೆ ರಾಜಿಯಾದರು.

ಸುಮಾರು ಅರ್ಧ ಶತಮಾನದ ಮೇಲೆ, ಸತ್ತ ತಜ್ಞರೊಬ್ಬರ ಮಗಳಿಗೆ ಆ ವರದಿ ಸಿಕ್ಕಿತು. ಅಷ್ಟರಲ್ಲಿ ಗೋಪ್ಯತೆ ತೆರವಾಗಿ ಅದು ಮಾರಾಟಕ್ಕೇ ಬಂದಿತ್ತು. ರಹಸ್ಯ ಉಪಕರಣದ ವಿವರ ಅದರಲ್ಲಿರಲಿಲ್ಲ. ಎಂಜಿನ್‌ಗೆ ಬೆಂಕಿ ಹತ್ತಿದ್ದು, ಶಾಖ ತಡೆಯುವ ಕವಚಗಳನ್ನು ಅಳವಡಿಸಬೇಕೆಂಬ ಆದೇಶವನ್ನು ಆ ವಿಮಾನದಲ್ಲಿ ಪಾಲಿಸದೇ ಇದ್ದದ್ದು, ಇಂಥವೇ ಇದ್ದವು. ಪರಿಹಾರ ಕೇಳಿದ್ದ ಹೆಂಗಸರಿಗೆ ಬೇಕಾಗಿದ್ದ ಸಾಕ್ಷ್ಯ ಅದೇ. ಇಲ್ಲಿ ವಿಶೇಷಣ ಸೇರಿಸಬೇಡ. ಕವಚ ಇರಲಿಲ್ಲ ಎಂದು ಬರೆದು ಪ್ಯಾರಾ ಮುಗಿಸು.

ಈ ಪ್ರಕರಣದಲ್ಲಿ ಎಡವುವ ಜಾಗವೂ ಒಂದಿದೆ. ‘ಸರ್ಕಾರ ಕೋರ್ಟಿಗೆ ವಂಚಿಸಿತು’ ಎಂದು ನೀನು ಬರೆದಿದ್ದೀಯ. ಕುಟುಂಬದವರು ಹಾಗೆಂದೇ ಮತ್ತೆ ದಾವೆ ಹೂಡಿದ್ದರು, ಆದರೆ 2005ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ. ವಾಯುಪಡೆಯ ಅಫಿಡವಿಟ್ಟನ್ನು ಸುಳ್ಳಲ್ಲದ ರೀತಿಯಲ್ಲೂ ಓದಬಹುದು ಎಂದಿತು. ಆದ್ದರಿಂದ ‘ವಂಚನೆ’ ಎಂಬ ಪದವನ್ನು ಕುಟುಂಬದವರ ಆರೋಪವಾಗಿ ಬರೆ, ಕೋರ್ಟ್ ತಿರಸ್ಕರಿಸಿದ್ದನ್ನು ಅದರ ಪಕ್ಕದಲ್ಲೇ ಹೇಳು. ಇದರಿಂದ ನಿನ್ನ ವಾದ ಸಡಿಲವಾಗುವುದಿಲ್ಲ. ತೀರ್ಪು ಕೊಡಬೇಕಾದವರು ದಾಖಲೆಯನ್ನೇ ನೋಡಲಿಲ್ಲ ಎಂಬ ಸಂಗತಿಗೆ ಯಾರದೂ ತಕರಾರಿಲ್ಲ.

ಆ ತೀರ್ಪು ಹಳೆಯ ಕಡತವಾಗಿ ಉಳಿಯಲಿಲ್ಲ ಎನ್ನಲು ಖಾಲಿದ್ ಎಲ್-ಮಸ್ರಿ ಪ್ರಕರಣವನ್ನು ಜೋಡಿಸು. ಜರ್ಮನಿಯ ಈ ಪ್ರಜೆಯನ್ನು 2003ರ ಕೊನೆಯ ದಿನ ಮ್ಯಾಸಿಡೋನಿಯಾದ ಗಡಿಯಲ್ಲಿ ಹಿಡಿದು, ಆಮೇಲೆ ಸಿಐಎ ವಶಕ್ಕೊಪ್ಪಿಸಿ, ಅಫ್ಘಾನಿಸ್ತಾನಕ್ಕೆ ಒಯ್ದು ತಿಂಗಳುಗಟ್ಟಲೆ ಕೂಡಿಹಾಕಿದ್ದರು. ಅವರು ಅಮೆರಿಕದಲ್ಲಿ ಹೂಡಿದ ದಾವೆಯನ್ನು ರಹಸ್ಯವೆಂದು ಹೇಳಿ ಕೋರ್ಟಿಗೂ ದಾಖಲೆ ತೋರಿಸದ ಸರ್ಕಾರದ ಇದೇ ಹಕ್ಕನ್ನು ಮುಂದಿಟ್ಟು ವಜಾ ಮಾಡಿಸಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅವೇ ಸಂಗತಿಗಳನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ವಿಚಾರಿಸಿ, 2012ರ ಡಿಸೆಂಬರ್‌ನಲ್ಲಿ ಮ್ಯಾಸಿಡೋನಿಯಾದ ವಿರುದ್ಧ ತೀರ್ಪಿತ್ತು 60,000 ಯೂರೋ ಪರಿಹಾರ ಕೊಡಿಸಿತು. ಒಂದು ಖಂಡದಲ್ಲಿ ವಿಚಾರಣೆಗೇ ಬಾರದ್ದು ಇನ್ನೊಂದರಲ್ಲಿ ತೆರೆದ ಕೋರ್ಟಿನಲ್ಲಿ ನಡೆಯಿತು.

ಇಲ್ಲೇ ಭಾಷೆಯ ಮಾತೂ ಹೇಳಿಬಿಡುತ್ತೇನೆ. ‘ರಾಜ್ಯ ರಹಸ್ಯ’ ಎಂದು ಬರೆದಿದ್ದೀಯ. ನಮ್ಮ ಓದುಗರಿಗೆ ರಾಜ್ಯ ಎಂದರೆ ಕರ್ನಾಟಕದಂಥ ರಾಜ್ಯ. ವಿಮಾನ ಬಿದ್ದದ್ದೂ ಜಾರ್ಜಿಯಾ ರಾಜ್ಯದಲ್ಲಾದ್ದರಿಂದ ಗೊಂದಲ ಖಂಡಿತ. ‘ಸರ್ಕಾರಿ ರಹಸ್ಯದ ಹಕ್ಕು’ ಎನ್ನು. ಹಾಗೆಯೇ ಅಲ್ಲಿನ ‘ಸೆಕ್ರೆಟರಿ ಆಫ್ ಸ್ಟೇಟ್’ ನಮ್ಮಲ್ಲಿನ ಕಾರ್ಯದರ್ಶಿಯಲ್ಲ, ವಿದೇಶಾಂಗ ಸಚಿವ.

ಇನ್ನು ನಿನ್ನ ಕರಡಿನಲ್ಲಿ ಕಾಣದ ವಿಷಯ. ಸಂಗತಿಯನ್ನು ಗುಟ್ಟಾಗಿಡುವುದು ಒಂದು, ಕಾನೂನಿನ ಅರ್ಥವನ್ನೇ ಗುಟ್ಟಾಗಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯದ್ದು ಎಂಬುದು ನನ್ನ ನಂಬಿಕೆ. ಭಯೋತ್ಪಾದನೆ ತಡೆಗೆಂದು ಮಾಡಿದ ಪೇಟ್ರಿಯಟ್ ಕಾಯ್ದೆಯ 215ನೇ ಕಲಮು ಅಚ್ಚಾಗಿ ಎಲ್ಲರ ಕೈಯಲ್ಲಿತ್ತು. ಅಧಿಕೃತ ತನಿಖೆಗೆ ‘ಸಂಬಂಧಪಟ್ಟ’ ದಾಖಲೆಗಳನ್ನು ಕೋರ್ಟಿನ ಆದೇಶದ ಮೇಲೆ ಪಡೆಯಬಹುದು ಎಂದು ಅದು ಹೇಳುತ್ತಿತ್ತು. ಓದಿದ ಯಾರಿಗಾದರೂ ಅದು ಸಾಮಾನ್ಯ ಮಾತು. ಆದರೆ ದೇಶದ ಎಲ್ಲರ ಕರೆಗಳ ವಿವರವೂ ‘ಸಂಬಂಧಪಟ್ಟದ್ದೇ’ ಎಂದು ಸರ್ಕಾರ ಅರ್ಥ ಹಚ್ಚಿತು, ಗೂಢಚರ್ಯೆಗೆ ಅನುಮತಿ ಕೊಡುವ ವಿಶೇಷ ನ್ಯಾಯಾಲಯ ಒಪ್ಪಿತು, ಆ ಅರ್ಥ ರಹಸ್ಯವಾಗಿ ಉಳಿಯಿತು. 1978ರ ಕಾಯ್ದೆಯಿಂದ ಹುಟ್ಟಿದ ಆ ನ್ಯಾಯಾಲಯದಲ್ಲಿ ಈಗ 11 ನ್ಯಾಯಾಧೀಶರು. ಅವರನ್ನು ನೇಮಿಸುವವರು ಮುಖ್ಯ ನ್ಯಾಯಮೂರ್ತಿ ಒಬ್ಬರೇ. ಆಗ ಅಲ್ಲಿ ಕೇಳಿಬರುತ್ತಿದ್ದದ್ದು ಸರ್ಕಾರದ ವಾದ ಮಾತ್ರ. 2013ರ ಮಾರ್ಚ್ 12ರಂದು ಸೆನೆಟರ್ ರಾನ್ ವೈಡನ್, ಲಕ್ಷಾಂತರ ಅಮೆರಿಕನ್ನರ ಮಾಹಿತಿ ಸಂಗ್ರಹವಾಗುತ್ತಿದೆಯೇ ಎಂದು ಬಹಿರಂಗ ಸಭೆಯಲ್ಲಿ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲ್ಯಾಪರ್‌ ಅವರನ್ನು ಕೇಳಿದರು. ಇಲ್ಲ, ತಿಳಿದು ತಿಳಿದಂತೂ ಮಾಡುತ್ತಿಲ್ಲ ಎಂಬ ಉತ್ತರ ಬಂತು. ಮೂರು ತಿಂಗಳೊಳಗೆ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಹೊರತಂದ, ವೆರಿಜಾನ್ ಎಂಬ ಫೋನ್ ಕಂಪನಿಗೆ ಆ ನ್ಯಾಯಾಲಯ ಕೊಟ್ಟಿದ್ದ ಆದೇಶ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಆದೇಶದ ಪ್ರತಿಯನ್ನು ಮುಂದಿಟ್ಟುಕೊಂಡೇ ಬರೆ. ಪುಟದ ತಲೆಯ ಮೇಲೆ ‘ಟಾಪ್ ಸೀಕ್ರೆಟ್’ ಮುದ್ರೆ. ಸ್ಥಳೀಯ ಕರೆಗಳೂ ಸೇರಿ ಎಲ್ಲ ಕರೆಗಳ ವಿವರವನ್ನು ದಿನದಿನವೂ ಒಪ್ಪಿಸಬೇಕೆಂಬ ಸೂಚನೆ. ಇಂಥ ಆದೇಶ ಬಂದಿದೆ ಎಂದು ಯಾರಿಗೂ ಹೇಳಕೂಡದೆಂಬ ಕಟ್ಟಪ್ಪಣೆ. ಗೋಪ್ಯತೆ ತೆರವಾಗುವ ದಿನ: 12 ಏಪ್ರಿಲ್ 2038. ಕಂಪನಿ ಕೊಟ್ಟದ್ದು ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಕರೆ ಮಾಡಿದರು ಎಂಬುದನ್ನು, ಮಾತುಗಳನ್ನಲ್ಲ. ನೀನು ‘ಎಲ್ಲರ ಫೋನು ಕದ್ದು ಕೇಳಿದರು’ ಎಂದು ಬರೆದದ್ದು ತಪ್ಪು. ಆ ಒಂದು ತಪ್ಪನ್ನು ಹಿಡಿದು ಇಡೀ ಲೇಖನವನ್ನು ತಳ್ಳಿಹಾಕುತ್ತಾರೆ. 2015ರ ಮೇ 7ರಂದು ನ್ಯೂಯಾರ್ಕಿನ ಮೇಲ್ಮನವಿ ಕೋರ್ಟ್, 215ನೇ ಕಲಮು ಇದಕ್ಕೆ ಅವಕಾಶವನ್ನೇ ಕೊಡುವುದಿಲ್ಲ ಎಂದಿತು. ಮುಂದಿನ ತಿಂಗಳೇ ಸಂಸತ್ತು ಸಗಟು ಸಂಗ್ರಹವನ್ನು ನಿಲ್ಲಿಸುವ ಕಾಯ್ದೆ ಮಾಡಿತು. ಅರ್ಥ ಬೆಳಕಿಗೆ ಬಂದು ಎರಡು ವರ್ಷಕ್ಕೇ ಬಿದ್ದುಹೋಯಿತು.

ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯದೂ ಇದೇ ಕಥೆ. ಅದರ ಅಭಿಪ್ರಾಯವನ್ನು ಕಾರ್ಯಾಂಗ ತನ್ನನ್ನು ಕಟ್ಟಿಹಾಕುವ ಕಾನೂನೆಂದೇ ನಡೆಸುತ್ತದೆ. ಚಿತ್ರಹಿಂಸೆಯ ವ್ಯಾಖ್ಯೆಯನ್ನು ಕಿರಿದು ಮಾಡಿದ ಅಭಿಪ್ರಾಯಪತ್ರದ ತಾರೀಕು 2002ರ ಆಗಸ್ಟ್ 1. ಜನ ಓದಿದ್ದು 2004ರಲ್ಲಿ, ಅದೂ ಸೋರಿದ್ದರಿಂದ. ಅಮೆರಿಕದ ಪ್ರಜೆ ಅನ್ವರ್ ಅಲ್-ಅವ್ಲಾಕಿಯನ್ನು ವಿಚಾರಣೆಯಿಲ್ಲದೆ ಕೊಲ್ಲಬಹುದು ಎಂಬ ಪತ್ರ 2010ರ ಜುಲೈನದು, ಡ್ರೋನ್ ದಾಳಿಯಲ್ಲಿ ಕೊಂದದ್ದು 2011ರ ಸೆಪ್ಟೆಂಬರ್ 30ರಂದು, ಕೋರ್ಟಿನ ಆದೇಶದಿಂದ ಪತ್ರ ಹೊರಬಂದದ್ದು 2014ರ ಜೂನ್‌ನಲ್ಲಿ. ಮೊದಲನೆಯದು ರಿಪಬ್ಲಿಕನ್ ಪಕ್ಷದ ಬುಷ್ ಕಾಲದ್ದು, ಎರಡನೆಯದು ಡೆಮಾಕ್ರಟಿಕ್ ಪಕ್ಷದ ಒಬಾಮಾ ಕಾಲದ್ದು. ನಿನ್ನ ಕರಡಿನಲ್ಲಿ ಒಂದೇ ಪಕ್ಷದ ಹೆಸರಿದೆ, ಸರಿಪಡಿಸು. ರೆನಾಲ್ಡ್ಸ್ ದಾವೆಯಲ್ಲಿ ವರದಿ ಕೊಡುವುದಿಲ್ಲವೆಂದು ಹಟ ಹಿಡಿದದ್ದು ಡೆಮಾಕ್ರಟಿಕ್ ಪಕ್ಷದ ಟ್ರೂಮನ್ ಸರ್ಕಾರ.

ಹಣದ ಲೆಕ್ಕಕ್ಕೆ ಒಂದು ಪ್ಯಾರಾ ಸಾಕು. ಸರ್ಕಾರದ ಜಮಾಖರ್ಚು ಆಗಾಗ ಪ್ರಕಟವಾಗಬೇಕೆಂದು ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ಸಿಐಎ ಲೆಕ್ಕ ಕೇಳಿ ಕೋರ್ಟಿಗೆ ಹೋದ ತೆರಿಗೆದಾರನಿಗೆ ದಾವೆ ಹೂಡುವ ಹಕ್ಕೇ ಇಲ್ಲವೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರಲ್ಲಿ ಹೇಳಿತು. 2007ರಿಂದ ರಾಷ್ಟ್ರೀಯ ಗುಪ್ತಚರ ಕಾರ್ಯಕ್ರಮದ ಒಟ್ಟು ಮೊತ್ತ ಮಾತ್ರ ಪ್ರಕಟವಾಗುತ್ತಿದೆ, ಸಿಐಎಯದು ಬೇರೆಯಾಗಿ ಅಲ್ಲ. ಆ ವರ್ಷದ್ದು 4,350 ಕೋಟಿ ಡಾಲರ್.

ಈಚಿನದನ್ನು ಬರೆಯುವಾಗ ಆತುರ ಬೇಡ. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಇಲಾಖೆಗಳ ಒಳಗಿನ ಅಕ್ರಮವನ್ನು ತನಿಖೆ ಮಾಡುವ ಹನ್ನೆರಡಕ್ಕೂ ಹೆಚ್ಚು ಮಹಾ ತಪಾಸಕರನ್ನು ಒಂದೇ ರಾತ್ರಿ ಕಿತ್ತುಹಾಕಿತು. ‘ಅನ್ಯಾಯ’ ಎಂದಷ್ಟೇ ಬರೆದರೆ ಸಾಲದು. ತೆಗೆಯುವ 30 ದಿನ ಮೊದಲು ಸಂಸತ್ತಿಗೆ ಕಾರಣಸಹಿತ ತಿಳಿಸಬೇಕೆಂಬ ಕಾನೂನಿತ್ತು, ಅದನ್ನು ಪಾಲಿಸಲಿಲ್ಲ ಎಂದು ಬರೆ. ಮಾರ್ಚ್‌ನಲ್ಲಿ ಯೆಮನ್ ದಾಳಿಯ ಮಾತುಕತೆಯನ್ನು ಹಿರಿಯ ಸಚಿವರು ಸಿಗ್ನಲ್ ಎಂಬ ಮೊಬೈಲ್ ಸಂದೇಶ ಆ್ಯಪ್‌ನ ಗುಂಪಿನಲ್ಲಿ ನಡೆಸಿದಾಗಲೂ ಎಲ್ಲರೂ ನೋಡಿದ್ದು ಪತ್ರಕರ್ತನೊಬ್ಬನನ್ನು ಅದಕ್ಕೆ ಸೇರಿಸಿದ್ದನ್ನು. ಕೆಲವು ಸಂದೇಶಗಳು ತಾವಾಗಿಯೇ ಅಳಿಸಿಹೋಗುವಂತೆ ಇಟ್ಟಿದ್ದದ್ದು ಅದಕ್ಕಿಂತ ದೊಡ್ಡ ಸುದ್ದಿ. ಮುಚ್ಚಿಟ್ಟ ಕಾಗದ 25 ವರ್ಷಕ್ಕಾದರೂ ತೆರೆಯಬಹುದು. ಅಳಿಸಿದ್ದನ್ನು ಕೇಳಲು ಯಾರಿಗೂ ದಾರಿಯಿಲ್ಲ.

ಕೊನೆಯದಾಗಿ ಕೆಲಸದ ಮಾತು. ನಮ್ಮ ಆರ್‌ಟಿಐ ಭಾರತದ ನಾಗರಿಕರಿಗೆ ಮಾತ್ರ. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಅರ್ಜಿ ಹಾಕಬಹುದು. ನೀನೂ ಹಾಕಬಹುದು. ಅರ್ಜಿ ಶುಲ್ಕವಿಲ್ಲ. ಸಾಮಾನ್ಯ ಅರ್ಜಿದಾರರಿಗೆ ಮೊದಲ ಎರಡು ಗಂಟೆಯ ಹುಡುಕಾಟ, 100 ಪುಟದ ಪ್ರತಿ ಉಚಿತ. ‘ಇಂತಿಷ್ಟು ಡಾಲರಿಗಿಂತ ಹೆಚ್ಚಾದರೆ ಮೊದಲು ತಿಳಿಸಿ’ ಎಂದು ಅರ್ಜಿಯಲ್ಲೇ ಬರೆದುಬಿಡು. ‘ಡ್ರೋನ್ ದಾಳಿಯ ಎಲ್ಲ ದಾಖಲೆಗಳು’ ಎಂದು ಕೇಳಿದರೆ ಅಸ್ಪಷ್ಟವೆಂದು ಹಿಂದಿರುಗಿಸುತ್ತಾರೆ, ಇಲ್ಲವೇ ವರ್ಷಗಟ್ಟಲೆ ಸರತಿಯಲ್ಲಿ ಕೂರಿಸುತ್ತಾರೆ. ಯಾವ ಕಚೇರಿ, ಯಾವ ಬಗೆಯ ಕಾಗದ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಇಷ್ಟೂ ಇರಲಿ. ಒಂದೇ ವಿಷಯ, 150 ಪದ ಎಂಬ ಕರ್ನಾಟಕದ ಆರ್‌ಟಿಐ ನಿಯಮವನ್ನು ನಾವು ಬೈಯುತ್ತೇವೆ, ಆದರೆ ಅಲ್ಲಿಗೆ ಅರ್ಜಿ ಬರೆಯುವಾಗ ಅದೇ ಶಿಸ್ತು ಅನುಕೂಲ. ಸಂಸತ್ತು, ಕೋರ್ಟುಗಳು, ಅಧ್ಯಕ್ಷರ ಆಪ್ತ ಕಚೇರಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಸಿಐಎ ಬರುತ್ತದೆ, ಆದರೆ ಅದರ ಕಾರ್ಯಾಚರಣೆಯ ಕಡತಗಳಿಗೆ 1984ರಿಂದ ವಿನಾಯಿತಿ ಇದೆ.

ಉತ್ತರಕ್ಕೆ ಕಾನೂನು ಕೊಡುವ ಗಡುವು 20 ಕೆಲಸದ ದಿನ. ಅದು ಮೀರುವುದೇ ಹೆಚ್ಚು. ನಮ್ಮಲ್ಲಿ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡವಿದೆ, ಅಲ್ಲಿ ಅಂಥದ್ದಿಲ್ಲ. ಆದೇಶ ಹೊರಡಿಸುವ ಮಾಹಿತಿ ಆಯೋಗವೂ ಇಲ್ಲ, ಇರುವುದು ಮಧ್ಯಸ್ಥಿಕೆಯ ಕಚೇರಿ ಮಾತ್ರ. ಅದಾದ ಮೇಲೆ ಕೋರ್ಟೇ ಗತಿ.

ಹಿಂಬರಹದ ಜೊತೆ ಬರುವ ಕಪ್ಪು ಬಳಿದ ಪುಟಗಳನ್ನು ಎಸೆಯಬೇಡ. ಪ್ರತಿ ಕಪ್ಪು ಪಟ್ಟಿಯ ಪಕ್ಕ ಒಂದು ಸಂಕೇತ ಇರುತ್ತದೆ. ಬಿ-1 ಎಂದರೆ ರಾಷ್ಟ್ರೀಯ ಭದ್ರತೆಯ ಗೋಪ್ಯತೆ. ಬಿ-5 ಎಂದರೆ ಒಳಗಿನ ಚರ್ಚೆ, ವಕೀಲರ ಸಲಹೆ ಇತ್ಯಾದಿ. ಬಿ-6 ಖಾಸಗಿತನ. ಪ್ಯಾರಾದ ಮೊದಲಿಗೆ ಕಂಸದಲ್ಲಿ ‘ಯು’ ಅಕ್ಷರವಿದ್ದರೆ ಆ ಪ್ಯಾರಾ ಗೋಪ್ಯವಲ್ಲವೆಂದು ಬರೆದವರೇ ಗುರುತು ಹಾಕಿದ್ದಾರೆ. ಅದರ ಮೇಲೆ ಬಿ-1 ಕಪ್ಪು ಬಿದ್ದಿದ್ದರೆ ನಿನ್ನ ಮೇಲ್ಮನವಿಯ ಮೊದಲ ಅಂಶ ಅದೇ. ಎರಡನೆಯ ಅಂಶಕ್ಕೆ 2009ರ 13526ನೇ ಅಧ್ಯಕ್ಷೀಯ ಆದೇಶದ 1.7ನೇ ಕಲಮು ನೋಡು: ಕಾನೂನು ಉಲ್ಲಂಘನೆ, ಅದಕ್ಷತೆ, ಆಡಳಿತದ ತಪ್ಪು ಅಥವಾ ಮುಜುಗರವನ್ನು ಮರೆಮಾಚಲು ಗೋಪ್ಯ ಮುದ್ರೆ ಹಾಕಕೂಡದು ಎಂದಿದೆ. ಅದೇ ದಾಖಲೆ ಹಿಂದೆ ಬೇರೆಯವರಿಗೆ ಬಿಡುಗಡೆಯಾಗಿದೆಯೇ ಎಂದೂ ಹುಡುಕು. ಬೇರೆ ವರ್ಷ, ಬೇರೆ ಅಧಿಕಾರಿ ಬೇರೆ ಸಾಲುಗಳನ್ನು ಕಪ್ಪು ಮಾಡಿರುತ್ತಾರೆ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಲು ತುಂಬಿಕೊಳ್ಳುತ್ತದೆ. ‘ಅಂಥ ದಾಖಲೆ ಇದೆಯೆಂದೂ ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು’ ಎಂಬ ಉತ್ತರ ಬಂದರೆ ಅದನ್ನು ‘ಇದೆ’ ಎಂದು ಓದಬೇಡ. ಬಂದ ಮಾತನ್ನು ಬಂದಂತೆಯೇ ವರದಿ ಮಾಡು.

ಮೇಲ್ಮನವಿಗೆ ಕನಿಷ್ಠ 90 ದಿನ ಕೊಡಲೇಬೇಕು. ಅದು ಹಿಂಬರಹದ ತಾರೀಕಿನಿಂದ ಎಣಿಕೆ, ನಿನ್ನ ಕೈಗೆ ತಲುಪಿದ ದಿನದಿಂದಲ್ಲ. ಅರ್ಜಿಯ ಸಂಖ್ಯೆ, ಕಳಿಸಿದ ದಿನ, ಉತ್ತರದ ದಿನ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊ. ಎರಡನೆಯ ಕರಡನ್ನು ಕಳಿಸುವಾಗ ಆ ಹಾಳೆಯನ್ನೂ ಲಗತ್ತಿಸು, ಎರಡನ್ನೂ ಒಟ್ಟಿಗೆ ಓದುತ್ತೇನೆ.

ಇಂತಿ,
ನಿನ್ನ ಅಕ್ಕ